ಮಣ್ಣಿನ ಕುದುರೆಗೆ ಬೆಲ್ಲ

ಜನವರಿ 17, ಶುಕ್ರವಾರ

ಕುದುರೆ ಕಂಡರೆ ಕಾಲು ನೋವು ಅಂತ ಗಾದೆ. ನಮ್ಮ ಮನೆಯಲ್ಲಿ ಈಗ ಕುದುರೆಗೇ ಕಾಲು ನೋವು. ಬೆಳಿಗ್ಗೆ ಲಾಯದ ಬಾಗಿಲು ತೆಗೆದರೆ ತುಂಬೆ ಹೊರಗೆ ಬರಲಿಲ್ಲ. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಕಾದ ಕಾವಲಿಯ ಮೇಲೆ ನಿಂತವಳ ಹಾಗೆ ನಿಂತಿದ್ದಳು. ಸಾರೋಟು ಹೊಡೆಯುವ ಸರವಣನ್ ಮುಳ್ಳು ಹೊಕ್ಕಿರಬೇಕು ಎಂದು ಗೊರಸು ಎತ್ತಲು ಹೋದ. ಒಂದು ಕಾಲು ಎತ್ತಿದರೆ ಇನ್ನೊಂದರ ಮೇಲೆ ನಿಲ್ಲಲಾರದೆ ಅವನ ಮೇಲೆಯೇ ಬೀಳುವವಳಿದ್ದಳು.

ನಾನು ಬಾಗಿಲಲ್ಲೇ ನಿಂತಿದ್ದೆ. ಮದುವೆಯಾಗಿ ಆನೇಕಲ್ಲಿನಿಂದ ತಮಿಳುನಾಡಿನ ಮಾರಂಡಹಳ್ಳಿಯ ಈ ಮನೆಗೆ ನಾನು ಬಂದ ವರ್ಷವೇ ಮಾವನವರು ಈ ಬಿಳಿ ಮರಿಯನ್ನು ತಂದದ್ದು. ಇಬ್ಬರೂ ಹೊಸಬರು, ಇಬ್ಬರೂ ಹುಲ್ಲಿಗೆ ಬಾಯಿ ಹಾಕಲು ಹೆದರುತ್ತಿದ್ದೆವು ಎಂದು ಅವರು ಇರುವವರೆಗೂ ಗೇಲಿ ಮಾಡುತ್ತಿದ್ದರು. ಆದರೂ ಇಷ್ಟು ವರ್ಷದಲ್ಲಿ ನಾನು ಅವಳ ಕತ್ತು ಸವರಿದ್ದೇನೆಯೇ ಹೊರತು ಕಾಲು ಮುಟ್ಟಿದವಳಲ್ಲ. ಒದ್ದರೆ ಎಂಬ ಭಯ.

ಅತ್ತೆ ದೃಷ್ಟಿ ತೆಗೆದರು. ನಮ್ಮವರಿಗೆ ಫೋನ್ ಮಾಡಿದೆ. ಲಾರಿ ಸೂರತ್ತಿನ ಹತ್ತಿರ ಎಲ್ಲೋ ಇದೆ, ಜಯಾ ನೋಡಿಕೊಳ್ಳುತ್ತಾಳೆ ಬಿಡು ಎಂದರು. ನಿಜವೇ. ನಾದಿನಿ ಜಯಪ್ರಿಯಾ ಇರುವಾಗ ಈ ಮನೆಯಲ್ಲಿ ಯಾವುದು ನಿಂತಿದೆ? ಅವಳು ಆಗಲೇ ಧರ್ಮಪುರಿಯ ಡಾಕ್ಟರನ್ನು ಹುಡುಕಿ ನಾಳೆಗೆ ಬರಹೇಳಿಯೂ ಆಗಿತ್ತು.

ಗೊಬ್ಬರದಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಈ ಮನೆಯಲ್ಲಿ ಕನ್ನಡ ಎಲ್ಲರ ಬಾಯಲ್ಲೂ ಇದೆ, ಓದಲು ಬರುವುದು ನನಗೊಬ್ಬಳಿಗೆ. ಏನು ಬರೆದರೂ ಬಚ್ಚಿಡಬೇಕಿಲ್ಲ.

ಜನವರಿ 18, ಶನಿವಾರ

ಅರುಣಾಚಲಂ ಡಾಕ್ಟರಿಗೆ ವಯಸ್ಸಾಗಿದೆ, ನಿವೃತ್ತರು. ತುಂಬೆ ನಿಂತ ರೀತಿಯನ್ನು ಗೇಟಿನಿಂದಲೇ ನೋಡಿ, ಹಬ್ಬದಲ್ಲಿ ಏನು ತಿನ್ನಿಸಿದಿರಿ ಎಂದು ತಮಿಳಿನಲ್ಲಿ ಕೇಳಿದರು.

ಏನು ತಿನ್ನಿಸಲಿಲ್ಲ ಎಂದು ಕೇಳಬೇಕಿತ್ತು. ನಮ್ಮ ಊರವರಿಗೆ ಬಿಳಿ ಕುದುರೆ ಎಂದರೆ ಊರು ಕಾಯುವ ದೇವರು ಮುನಿಯಪ್ಪನ ಕುದುರೆ. ಮಾಟ್ಟುಪೊಂಗಲ್ ಎಂಬ ದನಗಳ ಹಬ್ಬದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಬೀದಿಯಲ್ಲಿ ಕರೆದೊಯ್ದರೆ ಪ್ರತಿ ಮನೆಯವರೂ ಎಲೆಯಲ್ಲಿ ಸಿಹಿ ಪೊಂಗಲ್ ಹಿಡಿದು ನಿಂತಿರುತ್ತಾರೆ. ಒಂದು ಮನೆಯದು ತಿಂದು ಇನ್ನೊಂದು ಮನೆಯದು ಬಿಟ್ಟರೆ ಬಿಟ್ಟವರಿಗೆ ಬೇಜಾರು, ಆದ್ದರಿಂದ ಬಾಯಿಗೆ ತುರುಕಿಯಾದರೂ ತಿನ್ನಿಸುತ್ತಾರೆ. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ತಿನ್ನಿಸುವವರೇ ಬಲ್ಲವರಲ್ಲದಿದ್ದರೆ ಕುದುರೆ ಏನು ಮಾಡೀತು?

ಅಷ್ಟು ಬೆಲ್ಲ, ಅಕ್ಕಿ ಹೊಟ್ಟೆಯಲ್ಲಿ ಹುಳಿತು ವಿಷವಾಗಿ ಗೊರಸಿಗೆ ಇಳಿದಿದೆಯಂತೆ. ಉಗುರಿಗೂ ಬೆರಳಿಗೂ ನಡುವೆ ಊದಿಕೊಂಡರೆ ಹೇಗಿರುತ್ತದೆ, ಆ ಬೆರಳ ಮೇಲೆಯೇ ಇಡೀ ಮೈ ಹೊತ್ತು ನಿಲ್ಲಬೇಕಾದರೆ ಹೇಗಿರುತ್ತದೆ, ಯೋಚಿಸಿ ಎಂದರು. ಗೊರಸಿನೊಳಗೆ ಒಂದು ಎಲುಬು ಇದೆ. ಊತ ಹೆಚ್ಚಾದರೆ ಅದರ ಹಿಡಿತ ಬಿಟ್ಟು ಕೆಳಕ್ಕೆ ಜಾರುತ್ತದೆ. ಅಂಗಾಲು ತೂತು ಮಾಡಿಕೊಂಡು ಅದು ಹೊರಬಂದರೆ ಮತ್ತೆ ಮದ್ದಿಲ್ಲ. ಬರದ ಹಾಗೆ ನೋಡಿಕೊಳ್ಳುವುದೇ ಮದ್ದು. ಹುರುಳಿ ಬೇಡ, ಬೆಲ್ಲ ಅಂತೂ ಬೇಡವೇ ಬೇಡ, ನೆನೆಸಿದ ಒಣಹುಲ್ಲು ಮಾತ್ರ. ತಣ್ಣೀರು. ಮೆತ್ತಗಿನ ನೆಲ. ಗಟ್ಟಿ ರಸ್ತೆಯ ಮೇಲೆ ಒಂದು ಹೆಜ್ಜೆಯೂ ಕೂಡದು. ನೋವಿನ ಮಾತ್ರೆಯನ್ನು ಅವರು ಹೇಳಿದಷ್ಟೇ. ನೋವು ತಿಳಿಯದಿದ್ದರೆ ಅದು ನಡೆಯುತ್ತದೆ, ನಡೆದರೆ ಎಲುಬು ಜಾರುತ್ತದೆ.

ಯಾರು ನೋಡಿಕೊಳ್ಳುವವರು ಎಂದು ಕೇಳಿದರು. ಎಲ್ಲರೂ ನನ್ನ ಮುಖ ನೋಡಿದರು. ನನ್ನ ಕೈ ಹಿಡಿದು ಗೊರಸಿನ ಮೇಲೆ, ಗಂಟಿನ ಹಿಂದೆ ಇಟ್ಟರು. ನಾಡಿ ಡವಡವ ಎನ್ನುತ್ತಿತ್ತು. ಇದು ಮೆಲ್ಲಗಾದ ದಿನ ಗೆದ್ದ ಹಾಗೆ ಎಂದರು. ಭಯವಾಯಿತು. ಕೈ ತೆಗೆಯಲಿಲ್ಲ.

ಜನವರಿ 21, ಮಂಗಳವಾರ

ಅತ್ತೆಯ ಜೊತೆ ಜಗಳ. ಪ್ರತಿ ಮಂಗಳವಾರ ಮುನಿಯಪ್ಪನ ಹೆಸರಿನಲ್ಲಿ ತುಂಬೆಗೆ ಬೆಲ್ಲ ತಿನ್ನಿಸುವುದು ಅವರ ಹರಕೆ. ಮಾವನವರು ಹಾಸಿಗೆ ಹಿಡಿದಾಗ ಹೊತ್ತದ್ದು, ಅವರು ಹೋದ ಮೇಲೂ ಬಿಟ್ಟಿಲ್ಲ. ಇವತ್ತೂ ಸೆರಗಿನಲ್ಲಿ ಬೆಲ್ಲ ಕಟ್ಟಿಕೊಂಡು ಲಾಯಕ್ಕೆ ಬಂದರು. ಬೇಡ ಎಂದೆ.

"ಡಾಕ್ಟ್ರು ಏಳಿದ್ದು ಕುದ್ರೆ ಮಾತು. ಇದು ಸಾಮಿ ಮಾತು ಕಣವ್ವ" ಎಂದರು ಅತ್ತೆ.

ಜಯಾ ನಡುವೆ ಬಂದು ನನ್ನ ಕಡೆ ಮಾತಾಡಿದಳು. ಅಮ್ಮಾ, ಅತ್ತಿಗೆ ಹೇಳಿದ ಹಾಗೆ ಕೇಳು, ಸಾಮಿಗೆ ನಾನು ಸಮಾಧಾನ ಹೇಳ್ತೀನಿ ಎಂದು ನಗಿಸಲು ನೋಡಿದಳು. ಅತ್ತೆ ನಗಲಿಲ್ಲ. ಬೆಲ್ಲದ ಗಂಟು ಬಿಚ್ಚದೆ ಹಾಗೆಯೇ ಎಲ್ಲಿಗೋ ಹೊರಟುಹೋದರು. ಮಾರಿಯಮ್ಮ ಎಂದು ಹೆಸರಿಟ್ಟುಕೊಂಡವರಿಗೆ ಅಷ್ಟು ಹಟ ಇರಬೇಕಾದದ್ದೇ.

ಫೆಬ್ರವರಿ 2, ಭಾನುವಾರ

ಲಾಯದ ಕಲ್ಲು ನೆಲದ ಮೇಲೂ ಅದರ ಮುಂದಿನ ಅಂಗಳದಲ್ಲೂ ಹೊಳೆಯ ಮರಳು ಹಾಕಿಸಿದೆವು. ಅವಳು ಮರಳಿನಲ್ಲಿ ಗೊರಸಿನ ತುದಿ ಹೂತು ತಾನೇ ತನಗೆ ಬೇಕಾದ ಹಾಗೆ ನಿಲ್ಲುತ್ತಾಳೆ. ಅಂಗಾಲಿಗೆ ಮೆತ್ತೆ ಕಟ್ಟಲು ಡಾಕ್ಟರು ಹೇಳಿದ್ದರು. ಜಯಾ ಧರ್ಮಪುರಿಯಿಂದ ಮಕ್ಕಳು ಆಡುವ ಫೋಮ್ ಹಾಸು ತಂದಳು, ಗುಲಾಬಿ ಮತ್ತು ನೀಲಿ ಬಣ್ಣದ್ದು. ಗೊರಸಿನ ಅಳತೆಗೆ ಕತ್ತರಿಸಿ, ಎರಡು ಪದರ ಸೇರಿಸಿ ಅಂಚು ಹೊಲಿದು, ಪ್ಲಾಸ್ಟರು ಸುತ್ತಿ ಕಟ್ಟಿದೆ. ಬಲಗಾಲಿಗೆ ಗುಲಾಬಿ, ಎಡಗಾಲಿಗೆ ನೀಲಿ. ಮದುಮಗಳಿಗೆ ಚಪ್ಪಲಿ ಹೊಲಿದೆಯಲ್ಲ ಅತ್ತಿಗೆ ಎಂದು ಜಯಾ ಬಿದ್ದು ಬಿದ್ದು ನಕ್ಕಳು.

ಸಂಜೆ ಲಾಯದ ಮುಂದಿನ ಕಲ್ಲಿನ ಮೇಲೆ ಇಬ್ಬರೂ ಕಾಫಿ ಕುಡಿಯುವುದು ನಮ್ಮ ಪದ್ಧತಿ. ಅವಳು ಗಂಡನ ಮನೆ ಬಿಟ್ಟು ಬಂದ ವರ್ಷ ಶುರುವಾದದ್ದು. ನನಗೆ ತಮಿಳು ಓದಲು ಕಲಿಸಿದ್ದು, ಸ್ಕೂಟರ್ ಕಲಿಸಿದ್ದು, ಅತ್ತೆಯ ಹತ್ತಿರ ಯಾವಾಗ ಸುಮ್ಮನಿರಬೇಕೆಂದು ಕಲಿಸಿದ್ದು ಎಲ್ಲ ಈ ಕಲ್ಲಿನ ಮೇಲೆ. ಮೂಲೆ ಸೇರಿದ್ದ ಮಾವನವರ ಜಟಕಾ ಕಸುಬನ್ನು ಸಾರೋಟು, ಬಣ್ಣದ ದೀಪ, ಮದುವೆ ಮೆರವಣಿಗೆ ಎಂದು ಎಬ್ಬಿಸಿ ನಿಲ್ಲಿಸಿದವಳು ಅವಳೇ. ಈ ತೈ ತಿಂಗಳಿಗೆ ಒಪ್ಪಿಕೊಂಡಿದ್ದ ಮೆರವಣಿಗೆಗಳವರಿಗೆಲ್ಲ ಫೋನ್ ಮಾಡಿ ಇಲ್ಲವೆಂದಳು. ನನ್ನ ಮುಂದೆಯೇ ಮಾಡಿದಳು. ಒಬ್ಬರಂತೂ ಬೈದರು, ಇವಳು ಕೇಳಿಸಿಕೊಂಡಳು. ಒಡಹುಟ್ಟಿದ ತಂಗಿ ಇದ್ದರೂ ನನಗೆ ಇಷ್ಟಾಗುತ್ತಿರಲಿಲ್ಲ.

ಫೆಬ್ರವರಿ 20, ಗುರುವಾರ

ನಾಡಿ ಮೆಲ್ಲಗಾಗಿದೆ. ಗೊರಸು ತಣ್ಣಗಿದೆ. ಈಗ ಕಾಲು ಕೊಡು ಎಂದರೆ ಸಾಕು, ಎತ್ತಿ ನನ್ನ ತೊಡೆಯ ಮೇಲೆ ಇಡುತ್ತಾಳೆ. ಪಕ್ಕದ ಬೀದಿಯವರು ಕುಂಟುವ ಹಸುವನ್ನು ಹೊಡೆದುಕೊಂಡು ಬಂದಿದ್ದರು. ಗೊರಸಿನ ಸಂದಿಯಲ್ಲಿ ಗಾಜಿನ ಚೂರು ಇತ್ತು, ತೆಗೆದೆ. ನಾನೇನು ಡಾಕ್ಟರಾ ಎಂದು ಬೈದು ಕಳಿಸಿದೆ.

ಮಾರ್ಚ್ 9, ಭಾನುವಾರ

ಡಾಕ್ಟರು ಬಂದು ಬೆಳೆದ ಗೊರಸಿನ ಮೂತಿ ಉಜ್ಜಿ ಮೊಂಡು ಮಾಡಿದರು. ಎಲುಬು ತನ್ನ ಜಾಗದಲ್ಲೇ ಇದೆ ಎಂದು ತೋರುತ್ತದಂತೆ. ಹೊಸ ಗೊರಸು ಮೇಲಿನಿಂದ ಇಳಿದು ನೆಲ ಮುಟ್ಟುವವರೆಗೆ ಮರಳು ಬಿಟ್ಟು ಕದಲಿಸಬೇಡಿ ಎಂದರು. ಆಡಿ ತಿಂಗಳು, ಅಂದರೆ ನಮ್ಮ ಆಷಾಢ, ಕಳೆದ ಮೇಲೆ ನೋಡೋಣ ಎಂದಾಗ ಜಯಾ, ಅಷ್ಟು ದಿನವಾ ಸಾರ್ ಎಂದಳು. ಪಾಪ, ಅವಳಿಗೂ ತುಂಬೆಯನ್ನು ಬಯಲಲ್ಲಿ ನೋಡುವ ಆಸೆ.

ಆನೇಕಲ್ಲಿನಿಂದ ಅಮ್ಮನ ಫೋನ್ ಬಂತು, ಕಣ್ಣಿನ ಪೊರೆ ತೆಗೆಸಬೇಕು. ಮೊದಲು ಒಂದು ಕಣ್ಣು, ತಿಂಗಳು ಬಿಟ್ಟು ಇನ್ನೊಂದು. ತುಂಬೆಯನ್ನು ಬಿಟ್ಟು ಹೇಗೆ ಹೋಗಲಿ ಎಂದರೆ ಜಯಾ ಬೈದಳು.

"ಎತ್ತವ್ವನಿಗಿಂತ ಕುದ್ರೆ ಎಚ್ಚಾ ಅತ್ತಿಗೆ? ಓಗಿ ಬಾ. ನಾನಿಲ್ವಾ?"

ಸ್ಕೂಟರಿನ ಸದ್ದು ಕೇಳಿದರೆ ತುಂಬೆ ಕಿವಿ ನಿಮಿರಿಸುತ್ತಾಳೆ. ಜಯಾ ಬಂದು ಕೈ ಚಾಚಿದರೆ ಅಂಗೈಯಲ್ಲಿ ಮೂತಿ ಇಟ್ಟು ಉಸಿರು ಬಿಡುತ್ತಾಳೆ. ಇಷ್ಟು ಹೊತ್ತು ಕಾಲು ಒತ್ತುವವಳು ನಾನು, ಪ್ರೀತಿ ಅವಳ ಮೇಲೆ. ಪ್ರಾಣಿಗಳಿಗೆ ಯಾರು ತಮ್ಮವರೆಂದು ತಿಳಿಯುತ್ತದೆ ಎನ್ನುವುದು ಸುಳ್ಳಲ್ಲ.

ಮಾರ್ಚ್ 19, ಬುಧವಾರ

ಆನೇಕಲ್ಲಿನಿಂದ ಮಧ್ಯಾಹ್ನ ಬಂದೆ. ಚೀಲ ಇಳಿಸದೆ ಲಾಯಕ್ಕೆ ಹೋದರೆ ತುಂಬೆ ಮತ್ತೆ ಅದೇ ಕಾವಲಿಯ ಮೇಲೆ. ಗೊರಸು ಸುಡುತ್ತಿದೆ, ನಾಡಿ ನೋಡುವುದೇ ಬೇಡ. ಮೂತಿಯ ರೋಮದಲ್ಲಿ ಏನೋ ಅಂಟು ಇತ್ತು. ಬೆರಳಿಗೆ ಹಚ್ಚಿ ಮೂಸಿದೆ. ಬೆಲ್ಲ.

ನಿನ್ನೆ ಮಂಗಳವಾರ.

ಅಡುಗೆಮನೆಗೆ ನುಗ್ಗಿ ಅತ್ತೆಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಹರಕೆ ಎಂದು ಒಂದು ಜೀವ ತೆಗೆಯುತ್ತೀರಾ ಎಂದೆ. ಗಂಡನನ್ನು ಉಳಿಸದ ಬೆಲ್ಲ ಕುದುರೆಯನ್ನು ಉಳಿಸುತ್ತದಾ ಎಂದೂ ಅಂದೆ. ಅದನ್ನು ಅನ್ನಬಾರದಿತ್ತು. ಅತ್ತೆ ಒಲೆಯ ಮುಂದಿನಿಂದ ಏಳಲಿಲ್ಲ.

"ನಾ ಕೊಡ್ನಿಲ್ಲ ಕಣವ್ವ" ಎಂದರು, ಅಷ್ಟೇ.

ಜಯಾ ಬಂದು ನನ್ನನ್ನು ಹೊರಗೆ ಕರೆದುಕೊಂಡು ಹೋದಳು. ವಯಸ್ಸಾದವರು ಅತ್ತಿಗೆ, ಬಿಡು, ಮರೆತು ಕೊಟ್ಟಿರುತ್ತಾರೆ ಎಂದು ನನ್ನ ಬೆನ್ನು ಸವರಿದಳು. ಅವಳ ಕಣ್ಣಲ್ಲೂ ನೀರಿತ್ತು.

ಇದು ಸಾಲದೆಂದು ಸರವಣನ್ ಸಂಜೆ ಬಂದು ಲಗಾಮನ್ನು ಗೂಟಕ್ಕೆ ಹಾಕಿ ಕೆಲಸ ಬೇಡ ಎಂದ. ಯಾಕೋ ಎಂದರೆ "ಎನ್ನಾಲೆ ಮುಡಿಯಾದು ಅಕ್ಕಾ, ನನ್ ಕೈಲಿ ಆಗಲ್ಲ" ಎಂದು ತಲೆ ತಗ್ಗಿಸಿಕೊಂಡು ಹೋದ. ಕುದುರೆ ಓಡುವಾಗ ಇದ್ದವನು ಕುದುರೆ ನಿಂತಾಗ ಇಲ್ಲ. ಉಂಡ ಮನೆಯ ನೆನಪು ಇಷ್ಟೇ.

ಮಾರ್ಚ್ 22, ಶನಿವಾರ

ಡಾಕ್ಟರು ಎರಡು ಮಾತು ಕೇಳಿದರು: ಸಿಹಿ ತಿಂದಳಾ, ರಸ್ತೆಯಲ್ಲಿ ನಡೆದಳಾ. ಸಿಹಿ ಹೌದು ಎಂದೆ. ರಸ್ತೆ ಇಲ್ಲವೇ ಇಲ್ಲ ಸಾರ್, ಲಾಯದ ಬಾಗಿಲೇ ದಾಟಿಲ್ಲ ಎಂದು ಜಯಾ ಹೇಳಿದಳು. ಅವರು ಗೊರಸಿನ ಅಂಚನ್ನು ಬಹಳ ಹೊತ್ತು ನೋಡಿದರು. ಇನ್ನೊಂದು ಸಲ ಹೀಗಾದರೆ ನನ್ನನ್ನು ಕರೆದು ಉಪಯೋಗವಿಲ್ಲ ಎಂದು ನನಗೆ ಹೇಳಿ ಹೋದರು.

ಲಾಯಕ್ಕೆ ಬೀಗ ಹಾಕಿದೆ. ಒಂದು ಕೀ ನನ್ನ ತಾಳಿಯ ಸರದಲ್ಲಿ. ಇನ್ನೊಂದು ಜಯಾಳಿಗೆ.

ಏಪ್ರಿಲ್ 8, ಮಂಗಳವಾರ

ಅತ್ತೆ ನನ್ನ ಜೊತೆ ಮಾತಾಡುವುದಿಲ್ಲ. ಊಟಕ್ಕೆ ತಟ್ಟೆ ಇಟ್ಟು ಸದ್ದು ಮಾಡುತ್ತಾರೆ, ನಾನು ಹೋಗಿ ಕೂರುತ್ತೇನೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ, ಇದು ಯಾರ ಕಾಲವೋ ತಿಳಿಯದು. ಇವತ್ತೂ ಬೆಲ್ಲದ ಡಬ್ಬಿಗೆ ಕೈ ಹಾಕಿದ್ದನ್ನು ನೋಡಿದೆ. ಸೆರಗಿನ ಗಂಟು ಕಟ್ಟಿಕೊಂಡು ಹಿತ್ತಲಿನಿಂದ ಹೋದರು. ಓಡಿಹೋಗಿ ಲಾಯದ ಹಿಂದಿನ ಕಿಟಕಿ ಕಾದೆ, ಬರಲಿಲ್ಲ. ನನ್ನನ್ನು ನೋಡಿರಬೇಕು. ಕಿಟಕಿಗೆ ಹಲಗೆ ಹೊಡೆಸಿದೆ. ಗಾಳಿಗೆ ತೊಂದರೆ, ಆದರೆ ಏನು ಮಾಡುವುದು.

ತುಂಬೆ ಸ್ವಲ್ಪ ಸ್ವಲ್ಪವೇ ಚೇತರಿಸಿಕೊಳ್ಳುತ್ತಿದ್ದಾಳೆ.

ಏಪ್ರಿಲ್ 15, ಮಂಗಳವಾರ

ಅಮ್ಮನ ಇನ್ನೊಂದು ಕಣ್ಣು. ತಮ್ಮನ ಹೆಂಡತಿ ಬಸುರಿ, ಬೇರೆ ಯಾರೂ ಇಲ್ಲ. ಹೋಗಲೇಬೇಕು. ಮೆತ್ತೆ ಹೊಸದಾಗಿ ಹೊಲಿದು ಕಟ್ಟಿದ್ದೇನೆ. ಅತ್ತೆಯ ಮೇಲೆ ಕಣ್ಣಿಡು ಎಂದು ಜಯಾಳ ಕೈ ಹಿಡಿದು ಹೇಳಿದೆ. ಅವಳು ಕೈ ಬಿಡಿಸಿಕೊಂಡು, ಬಸ್ಸು ತಪ್ಪುತ್ತೆ ಓಗು ಅತ್ತಿಗೆ ಎಂದಳು.

ಏಪ್ರಿಲ್ 22, ಮಂಗಳವಾರ

ಆನೇಕಲ್ಲಿನಿಂದ ಬಂದೆ. ತುಂಬೆ ಮಲಗಿದ್ದಾಳೆ. ಎದ್ದಿಲ್ಲ.

ಏಪ್ರಿಲ್ 24, ಗುರುವಾರ

ಗೊರಸಿನ ಮೇಲಂಚಿನಲ್ಲಿ ಬೆರಳಿಟ್ಟರೆ ಗುಳಿ ಬೀಳುತ್ತದೆ. ಡಾಕ್ಟರಿಗೆ ಹೇಳಿದೆ. ಎಲುಬು ಇಳಿದಿರಬೇಕು ಎಂದು ಅವರು ಫೋನಿನಲ್ಲಿ ಹೇಳಿದರು. ಎಕ್ಸ್‌ರೇ ಯಂತ್ರವನ್ನು ಸೇಲಂನಿಂದ ಇಲ್ಲಿಗೇ ತರಿಸಬೇಕಂತೆ. ಬೀಗ ಇದ್ದರೂ ಅತ್ತೆ ಹೇಗೆ ಕೊಟ್ಟರು? ಜಯಾಳನ್ನು ಕೇಳಿದರೆ, ನಾನು ಮಲಗಿದ್ದಾಗ ಕೀ ತಗೊಂಡಿರಬೇಕು ಎಂದಳು. ಮುಂದಿನ ಮಂಗಳವಾರ ನಾನೇ ಅತ್ತೆಯ ಹಿಂದೆ ಹೋಗುತ್ತೇನೆ. ಅವತ್ತು ಪಾಲಕೋಡಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿಬಿಟ್ಟಿದ್ದೇನೆ. ಸುಳ್ಳು ಸಲೀಸಾಗಿ ಬಂತು.

ಏಪ್ರಿಲ್ 29, ಮಂಗಳವಾರ

ಅತ್ತೆ ಬೆಲ್ಲ ಕಟ್ಟಿಕೊಂಡು ಹೊರಟರು. ನಾನು ದೂರದಿಂದ ಹಿಂದೆಯೇ ಹೋದೆ. ಲಾಯದ ಕಡೆ ತಿರುಗಿಯೂ ನೋಡಲಿಲ್ಲ. ಟೊಮೇಟೊ ತೋಟದ ಬದುವಿನ ಮೇಲೆ, ಆ ಮಂಡಿನೋವಿನ ಕಾಲಲ್ಲಿ, ಊರಾಚೆಯ ಮುನಿಯಪ್ಪನ ಗುಡಿಯವರೆಗೆ ನಡೆದರು. ಅಲ್ಲಿ ಹರಕೆಯ ಮಣ್ಣಿನ ಕುದುರೆಗಳು ಸಾಲಾಗಿ ನಿಂತಿವೆ. ಬಣ್ಣ ಹೋಗಿ ಬಿಳುಚಿಕೊಂಡ ಒಂದರ ಮುಂದೆ ನಿಂತು ಬೆಲ್ಲ ಮುರಿದು ಅದರ ಬಾಯಿಗೆ ಒತ್ತಿದರು. ತಿನ್ನು ತಾಯಿ ಎಂದರು. ಆ ಕುದುರೆಯ ಮೂತಿಯ ಮೇಲೆ ಹಳೆಯ ಬೆಲ್ಲ ಕರಗಿ ಕಪ್ಪಾಗಿ ಗಟ್ಟಿಯಾಗಿತ್ತು. ಜನವರಿಯಿಂದ ತಿನ್ನಿಸಿದ್ದು. ಇರುವೆ ಸಾಲು ಕಿವಿಯವರೆಗೂ ಇತ್ತು.

ನಾನು ಬೇಡ ಎಂದ ದಿನದಿಂದ ಒಂದು ಚೂರು ಬೆಲ್ಲವನ್ನೂ ಅವರು ತುಂಬೆಗೆ ಕೊಟ್ಟಿಲ್ಲ.

ಬದುವಿನ ಮೇಲೆ ಅವರಿಗೆ ಅಡ್ಡ ನಿಂತೆ. ತಪ್ಪಾಯಿತು ಎಂದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ, ಗೊತ್ತು. ಅತ್ತೆ ನನ್ನ ಭುಜ ಹಿಡಿದುಕೊಂಡು ಬದು ಇಳಿದರು, ಮಂಡಿಗೆ ಆಸರೆ ಬೇಕಿತ್ತು. ಮನೆಯವರೆಗೂ ಬಿಡಲಿಲ್ಲ.

ಹಾಗಾದರೆ ಬೆಲ್ಲ ಕೊಟ್ಟವರು ಯಾರು? ಸರವಣನ್ ಇರಬೇಕು. ಮೊದಲ ಸಲ ಅವನೇ. ಎರಡನೆಯ ಸಲ?

ಮೇ 1, ಗುರುವಾರ

ಸಾರೋಟಿನ ಹಿಂದಿನ ಹಲಗೆಯ ಮೇಲಿರುವ ನಂಬರು ನಮ್ಮವರ ಹಳೆಯದು, ಈಗ ನನ್ನ ಫೋನಿನಲ್ಲಿದೆ. ಬೆಳಿಗ್ಗೆ ಸೇಲಂನಿಂದ ಕಣ್ಣಮ್ಮ ಎಂಬ ಹೆಂಗಸು ಮಾತಾಡಿದಳು. ಬರುವ ವೈಕಾಸಿ ತಿಂಗಳಲ್ಲಿ ಮಗನ ಮದುವೆ, ಆ ಕುಣಿಯುವ ಬಿಳಿ ಕುದುರೆ ಬೇಕು ಎಂದಳು. ನಮ್ಮ ಕುದುರೆ ಕುಣಿಯುವುದಿಲ್ಲ, ಪೊಂಗಲ್ ಆದ ಮೇಲೆ ಮನೆ ಬಿಟ್ಟು ಹೊರಗೆ ಹೋಗಿಲ್ಲ ಎಂದೆ. ಅವಳು ನಕ್ಕಳು. ಹದಿನೈದು ದಿನದ ಹಿಂದೆ ನಮ್ಮ ನೆಂಟರ ಮನೆ ರಿಸೆಪ್ಷನ್ನಿಗೆ ಬಂದಿತ್ತಲ್ಲಮ್ಮಾ, ವಿಡಿಯೋ ಕಳಿಸುತ್ತೇನೆ ನೋಡಿ ಎಂದಳು.

ನೋಡಿದೆ. ಕಲ್ಯಾಣಮಂಟಪದ ಮುಂದೆ ಟಾರು ರಸ್ತೆ. ಬಣ್ಣದ ದೀಪ, ತಮಟೆ. ಸಾರೋಟಿನಲ್ಲಿ ಗಂಡು ಹೆಣ್ಣು. ಮುಂದೆ ತುಂಬೆ. ತಮಟೆಯ ಬಡಿತಕ್ಕೆ ಒಂದು ಕಾಲು ಎತ್ತುತ್ತಾಳೆ, ಇಡುತ್ತಾಳೆ, ಇನ್ನೊಂದು ಎತ್ತುತ್ತಾಳೆ. ಜನ ಶಿಳ್ಳೆ ಹಾಕುತ್ತಾರೆ, ಯಾರೋ ಅವಳ ತಲೆಯ ಮೇಲೆ ನೋಟು ತೂರುತ್ತಾರೆ. ಎತ್ತಿದಾಗಲೆಲ್ಲ ಅಂಗಾಲು ಕಾಣುತ್ತದೆ. ಬಲಗಾಲಿನಲ್ಲಿ ಗುಲಾಬಿ, ಎಡಗಾಲಿನಲ್ಲಿ ನೀಲಿ.

ಅವಳು ಕುಣಿಯುತ್ತಿಲ್ಲ. ಯಾವ ಕಾಲನ್ನೂ ನೆಲದ ಮೇಲೆ ಇಡಲಾರದೆ ಬದಲಾಯಿಸುತ್ತಿದ್ದಾಳೆ. ನಾನು ಹೊಲಿದ ಮೆತ್ತೆ ಇಲ್ಲದಿದ್ದರೆ ಆ ರಸ್ತೆಯಲ್ಲಿ ನಾಲ್ಕು ಹೆಜ್ಜೆಯೂ ಹಾಕುತ್ತಿರಲಿಲ್ಲ.

ಲಗಾಮು ಹಿಡಿದವನು ಯಾರೋ ಬಾಡಿಗೆಯವನು. ಪಕ್ಕದಲ್ಲಿ ಪಟ್ಟೆ ಸೀರೆ ಉಟ್ಟು, ಅಂಗೈ ಮುಂದೆ ಮಾಡಿ ಅವಳಿಗೆ ಏನೋ ತಿನ್ನಿಸುತ್ತ ನಡೆಯುತ್ತಿರುವವಳು ಜಯಾ. ಆ ಸೀರೆ ನನ್ನದು.

ಮೇ 2, ಶುಕ್ರವಾರ

ಸಂಜೆ ಎಂದಿನಂತೆ ಎರಡು ಲೋಟ ಕಾಫಿ ಇಟ್ಟುಕೊಂಡು ಕಲ್ಲಿನ ಮೇಲೆ ಕೂತೆ. ಸ್ಕೂಟರ್ ಬಂತು. ಒಳಗೆ ಮಲಗಿದ್ದ ತುಂಬೆ ಕೆನೆದಳು. ಜಯಾ ಬಂದು ಕೂತು ಲೋಟ ಎತ್ತಿಕೊಂಡಳು. ನಾನು ಫೋನು ತೆರೆದು ಅವಳ ಮಡಿಲಲ್ಲಿ ಇಟ್ಟೆ.

ಪೂರ್ತಿ ನೋಡಿದಳು. ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ಎರಡು ಸಲ ಎಂದಳು. ಮಾರ್ಚಿನಲ್ಲಿ ಓಮಲೂರಿನಲ್ಲಿ ದುಡ್ಡಿರುವ ದೊಡ್ಡವರೊಬ್ಬರ ಮೊಮ್ಮಗುವಿಗೆ ಕಿವಿ ಚುಚ್ಚುವ ಮೆರವಣಿಗೆ, ಏಪ್ರಿಲ್‌ನಲ್ಲಿ ಇದು. ಎರಡು ಸಲವೂ ಅತ್ತೆಯನ್ನು ಒಂದು ದಿನದ ಮಟ್ಟಿಗೆ ನೆಂಟರ ಮನೆಗೆ ಕಳಿಸಿ ಬಾಡಿಗೆ ಟೆಂಪೋದಲ್ಲಿ ಸಾಗಿಸಿದಳಂತೆ. ಮಾರ್ಚಿನಲ್ಲಿ ಸರವಣನ್ ಬೇಡ ಎಂದು ಬೇಡಿಕೊಂಡನಂತೆ, ಅತ್ತಿಗೆಗೆ ಹೇಳಿದರೆ ನಿನ್ನ ಮೇಲೆಯೇ ಹಾಕುತ್ತೇನೆ ಎಂದು ಇವಳು ಹೆದರಿಸಿದಳಂತೆ. ಡಾಕ್ಟರು ಕೊಟ್ಟ ನೋವಿನ ಮಾತ್ರೆಯನ್ನೇ ಅಂಗಡಿಯಿಂದ ಬೇರೆ ತಂದು ಬೆಲ್ಲದ ಉಂಡೆಯಲ್ಲಿ ಇಟ್ಟು ಕೊಟ್ಟಳಂತೆ, ದಾರಿಯುದ್ದಕ್ಕೂ.

"ಅತ್ತೇನ ಬೈದ್ನಲ್ಲ ಜಯಾ. ನೀನು ಪಕ್ಕದಾಗೆ ನಿಂತು ಕೇಳ್ತಿದ್ದೆ" ಎಂದೆ.

ಅವಳು ಬೇರೆಯದು ಹೇಳಿದಳು.

"ಸಾರೋಟು ಓಡೋವರ್ಗೂ ಈ ಮನೇಲಿ ನಾನು ಜಯಪ್ರಿಯಾ. ಅದು ನಿಂತ್ರೆ ಗಂಡನ್ ಬಿಟ್ಬಂದೋಳು. ನೀನೇ ಒಂದಿನ ಅಂತೀಯ ಅತ್ತಿಗೆ. ದೊಡ್ಡೋರ ಮನೇಗೆ ಎರಡ್ ಸಲ ಇಲ್ಲಾ ಅಂದ್ರೆ ಆಮೇಲೆ ಯಾರ್ ಕರೀತಾರೆ ನಮ್ನ?"

ನಾನು ಹಾಗೆ ಎಂದಾದರೂ ಅಂದಿದ್ದೇನೆಯೇ ಎಂದು ಕೇಳಿದೆ. ಇಲ್ಲ ಎಂದಳು. ಕುಣಿಯುತ್ತಿದ್ದಾಳೆ ಎಂದು ಜನ ಅಂದುಕೊಂಡರು, ನೀನು ಏನೆಂದುಕೊಂಡೆ ಎಂದು ಕೇಳಿದೆ.

"ನಂಗೆ ಗೊತ್ತಿತ್ತು" ಎಂದಳು.

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಇನ್ನು ನಿನ್ನ ಹತ್ತಿರ ನನಗೆ ಮಾತಿಲ್ಲ ಎಂದು ಹೇಳಿ ಅವಳ ಲೋಟದ ಕಾಫಿಯನ್ನು ಮಣ್ಣಿಗೆ ಚೆಲ್ಲಿ ಎದ್ದು ಬಂದೆ. ಅವಳು ಬಟ್ಟೆ ಕಟ್ಟಿಕೊಂಡು ಧರ್ಮಪುರಿಗೆ, ಗೆಳತಿಯ ಮನೆಗೆ ಹೋದಳು. ಕೀಯನ್ನು ಕಲ್ಲಿನ ಮೇಲೆ ಬಿಟ್ಟುಹೋಗಿದ್ದಾಳೆ.

ಮೇ 3, ಶನಿವಾರ

ನಮ್ಮವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಕೇಳಿ, ಗೊತ್ತಿತ್ತು, ನೀನು ಬೇಜಾರು ಮಾಡಿಕೊಳ್ಳುತ್ತೀಯ ಎಂದು ಹೇಳಲಿಲ್ಲ ಎಂದರು. ಫೋನು ಇಟ್ಟೆ.

ಮೇ 6, ಮಂಗಳವಾರ

ಎಕ್ಸ್‌ರೇ ತೆಗೆಯುವವನು ಬಂದು ಲಾಯದಲ್ಲೇ ತೆಗೆದ. ಡಾಕ್ಟರು ಕಂಪ್ಯೂಟರನ್ನು ನನ್ನ ಕಡೆಗೆ ತಿರುಗಿಸಿದರು, ವಿವರಿಸಲಿಲ್ಲ. ವಿವರಿಸುವ ಅಗತ್ಯವೂ ಇರಲಿಲ್ಲ. ಎಲುಬಿನ ತುದಿ ಕೆಳಮುಖವಾಗಿ ಅಂಗಾಲಿನ ಅಂಚಿಗೆ ಬಂದಿತ್ತು, ಎಡಗಾಲಿನಲ್ಲಿ ಹೊರಕ್ಕೇ ಬಂದಿತ್ತು. ನೀಲಿ ಮೆತ್ತೆ ಬಿಚ್ಚಿದಾಗ ನಾನು ಆಗಲೇ ನೋಡಿದ್ದೆ.

ಏನು ಮಾಡೋಣ, ನೀವೇ ಹೇಳಿ ಎಂದು ಅವರು ನನ್ನನ್ನು ಕೇಳಿದರು. ಎಲ್ಲರೂ ನನ್ನ ಮುಖ ನೋಡುವವರೇ. ಇನ್ನು ನೋಯಿಸುವುದು ಬೇಡ ಎಂದೆ. ಸರಿ, ಗುರುವಾರ ಬರುತ್ತೇನೆ ಎಂದರು.

ಇವತ್ತು ಅತ್ತೆ ಗುಡಿಗೆ ಹೋಗಲಿಲ್ಲ.

ಮೇ 8, ಗುರುವಾರ

ಲಾಯದ ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು ಮಲಗಿದ್ದಳು. ಅಲ್ಲಿಯೇ ಇಂಜೆಕ್ಷನ್ ಕೊಟ್ಟರೆ ಕೈಕಾಲು ಗೋಡೆಗೆ ಬಡಿದುಕೊಂಡು ಒದ್ದಾಡುತ್ತಾಳೆ, ಹೊರಗಿನ ಮರಳಿಗೆ ಬಂದರೆ ನೆಮ್ಮದಿಯಾಗಿ ಹೋಗುತ್ತಾಳೆ ಎಂದರು ಡಾಕ್ಟರು. ಅದಕ್ಕೆ ಅವಳು ಏಳಬೇಕು. ಹೆಜ್ಜೆ ಹಾಕಬೇಕು. ಕೊನೆಯ ಮಾತ್ರೆ ಕೊಟ್ಟು ಕಾದೆವು.

ಇನ್ನು ಬೆಲ್ಲ ಕೊಡಬಹುದಾ ಎಂದು ಕೇಳಿದೆ. ಅವರು ಕೊಡಿ ಎಂದು ತಲೆಯಾಡಿಸಿದರು.

ಅತ್ತೆ ಸೆರಗಿನ ಗಂಟು ಬಿಚ್ಚಿದರು. ಅಷ್ಟು ತಿಂಗಳು ತಡೆದಿಟ್ಟ ಕೈ ಚಾಚಿ ಬಾ ತಾಯಿ ಎಂದು ಕರೆದರು. ತುಂಬೆ ಮೂಸಿದಳು, ತಿನ್ನಲಿಲ್ಲ. ನಾನು ಕರೆದೆ. ಕಾಲು ಕೊಡು ಎಂದರೆ ಕೊಡುತ್ತಿದ್ದವಳು ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡಳು. ನನ್ನ ಕೈ ಎಂದರೆ ತಣ್ಣೀರು, ಉಜ್ಜುವುದು, ಕಟ್ಟುವುದು, ನೋವು. ಅವಳಿಗೆ ಗೊತ್ತಿರುವುದು ಅಷ್ಟೇ.

ಹೊರಗೆ ಬಂದು ಫೋನು ಹಿಡಿದು ನಿಂತೆ. ಮಾತಿಲ್ಲ ಎಂದು ಹೇಳಿದವಳು ನಾನೇ. ಮಾಡಿದೆ.

"ಬಾ ಜಯಾ. ಅವ್ಳು ಏಳ್ತಾ ಇಲ್ಲ" ಎಂದೆ.

ಅವಳು ಧರ್ಮಪುರಿಯಿಂದ ಬರುವವರೆಗೆ ಲಾಯದ ಬಾಗಿಲಲ್ಲಿ ಕೂತಿದ್ದೆವು. ಮೊದಲು ಕೇಳಿಸಿದ್ದು ತುಂಬೆಗೆ. ಬೀದಿಯ ತಿರುವಿನಲ್ಲಿ ಸ್ಕೂಟರಿನ ಸದ್ದು ಬರುತ್ತಲೇ ಕಿವಿ ಎರಡೂ ನಿಮಿರಿದವು. ಕೆನೆದಳು. ಜಯಾ ಬಾಗಿಲಲ್ಲಿ ನಿಂತಾಗ ಮುಂಗಾಲು ಊರಿ, ನಡುಗಿ, ಬಿದ್ದು, ಮತ್ತೆ ಊರಿ ಎದ್ದುಬಿಟ್ಟಳು, ಆ ಕಾಲುಗಳ ಮೇಲೆ.

ಅತ್ತೆ ತಮ್ಮ ಕೈಯ ಬೆಲ್ಲವನ್ನು ಮಗಳ ಕೈಗೆ ಹಾಕಿದರು. ಜಯಾ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತ ಹೋದಳು, ತುಂಬೆ ಅವಳ ಅಂಗೈಯನ್ನೇ ನೋಡುತ್ತ ಹಿಂದೆ ಬಂದಳು, ಮರಳಿನವರೆಗೂ. ಬೆಲ್ಲ ತಿಂದಳು. ಅಂಗೈ ನೆಕ್ಕಿದಳು. ಖಾಲಿಯಾದ ಮೇಲೆ ಇನ್ನೊಂದು ಕೈಯನ್ನು ಮೂತಿಯಿಂದ ತಳ್ಳಿ ಹುಡುಕಿದಳು. ಈ ಸಲ ಅದರಲ್ಲಿ ಏನೂ ಇರಲಿಲ್ಲ.

ಡಾಕ್ಟರು ಕತ್ತಿನ ಹತ್ತಿರ ಬಂದಾಗ ಜಯಾ ಮುಖ ತಿರುಗಿಸಲು ಹೋದಳು. ತಿರುಗಬೇಡ, ಅವಳು ನಿನ್ನನ್ನೇ ನೋಡುತ್ತಿದ್ದಾಳೆ ಎಂದೆ. ತಿರುಗಲಿಲ್ಲ. ನಾನು ನಾಡಿಯ ಮೇಲೆ ಬೆರಳು ಇಟ್ಟುಕೊಂಡಿದ್ದೆ. ಮೆಲ್ಲಗಾಯಿತು.

ಮೇ 9, ಶುಕ್ರವಾರ

ಜಯಾ ನಿನ್ನೆಯೇ ಹೊರಟುಹೋದಳು. ಇರು ಎಂದು ನಾನು ಹೇಳಲಿಲ್ಲ, ಇರುತ್ತೇನೆ ಎಂದು ಅವಳೂ ಹೇಳಲಿಲ್ಲ. ಅತ್ತೆ ಮೂರು ಸಲ ಗೇಟಿನವರೆಗೆ ಹೋಗಿ ಬಂದರು. ಲಾಯ ತೊಳೆದೆ. ಹಲಗೆ ಕೀಳಿಸಿ ಕಿಟಕಿ ತೆಗೆಸಿದೆ.

ಸಂಜೆ ಕಲ್ಲಿನ ಮೇಲೆ ಕೂತಿದ್ದೆ. ಬೀದಿಯ ತಿರುವಿನಲ್ಲಿ ಸ್ಕೂಟರಿನ ಸದ್ದು ಕೇಳಿ ತಲೆ ಎತ್ತಿದೆ. ಹಾಲಿನವನು. ಕೆಳಗೆ ನೋಡಿದರೆ ಪಕ್ಕದಲ್ಲಿ ಎರಡು ಲೋಟ ಕಾಫಿ ಇತ್ತು.